ಕ್ಯಾಜುವಾಲ್ಟಿಯೊಳಗ ಯಾರನ್ನ ಮದ್ಲ ನೋಡ್ಬೇಕು? ಹೊಸದಾಗಿ ಡ್ಯೂಟಿಗಿ ಬಂದವ್ರಿಗಿ

"ಅಕ್ಕಾ, ಒಮ್ಮೆಲೇ ಐದ್ ಮಂದಿ ಬಂದ್ರ ನಾ ಯಾರ ಕಡಿ ಓಡ್ಲಿ?" ಕ್ಯಾಜುವಾಲ್ಟಿಗಿ ಹೊಸದಾಗಿ ಬಂದ ಹುಡುಗ್ಯಾರು ಮದ್ಲನೇ ವಾರದಾಗ ನನಗ ಕೇಳೋ ಪ್ರಶ್ನೆ ಇದೇ, ಬ್ರದರ್‌ಗಳೂ ಇದೇ ಕೇಳ್ತಾರ. ನಮ್ಮ ಕಲಬುರಗಿ ಕಡಿ ಕ್ಯಾಜುವಾಲ್ಟಿ ಅಂದ್ರ ಗೊತ್ತದಲ್ಲ, ಒಬ್ಬ ಪೇಶಂಟ್ ಜೋಡಿ ಹತ್ತು ಮಂದಿ, ಜೇವರ್ಗಿಯಿಂದ ಒಂದು ಟಂಟಂ, ಚಿಂಚೋಳಿಯಿಂದ 108, ಆಳಂದದಿಂದ ಯಾರದೋ ಜೀಪು, ಎಲ್ಲಾ ಒಂದೇ ಹೊತ್ತಿಗಿ ಗೇಟಿಗಿ ಬಂದು ನಿಲ್ತಾವ, ಎಲ್ಲಾರೂ ನಮ್ಮವ್ರನ್ನ ಮದ್ಲ ನೋಡ್ರಿ ಅಂತ ಕೈ ಹಿಡದು ಜಗ್ತಾರ. 14 ವರ್ಷ ನರ್ಸ್ ಆಗಿ ಇದ್ರಾಗೇ ಕಳದೀನಿ, ಗೊತ್ತಿದ್ದಷ್ಟು ಬರೀತೀನಿ. ಔಷಧದ ಡೋಸ್ ಬರದಲ್ಲೆಲ್ಲಾ ಡಾಕ್ಟರ್ ಆರ್ಡರ್ ಆದ ಮ್ಯಾಲ ಅಂತಾನೇ ತಿಳ್ಕೊರಿ, ಆದ್ರ ಆರ್ಡರ್ ಬರೋದ್ರೊಳಗ ಕೈಯಾಗ ತಯಾರಿ ಇರೋದು ನಮ್ಮ ಕೆಲಸ.

ಮದ್ಲ ಒಂದು ಸಂಗತಿ ಹೇಳ್ತೀನಿ, ಯಾಕಂದ್ರ ಮುಂದ ಹೇಳೋದೆಲ್ಲಾ ಅದರಿಂದಾನೇ ಕಲ್ತದ್ದು. ಆಗ ನಂದು ಎರಡನೇ ವರ್ಷ, ಮೇ ತಿಂಗಳು, ಸಂಜಿ ಹೊತ್ತು. ಬೈಕ್ ಮ್ಯಾಲಿಂದ ಬಿದ್ದ ಒಬ್ಬ ಹುಡುಗನ್ನ ಹೊತ್ಕೊಂಡು ಬಂದ್ರು, ಕೈ ಮುರದು ಡೊಂಕಾಗಿತ್ತು, ಅಂಗಿ ಎಲ್ಲಾ ರಕ್ತ, ಹದಿನೈದು ಮಂದಿ ಚೀರಾಟ. ಬಾಜೂ ಬೆಂಚಿನ ಮ್ಯಾಲ ಅಫಜಲಪುರ ಕಡಿಯ ಒಬ್ಬ ಮುತ್ಯಾ ಕುಂತಿದ್ದ, ಧೋತರದ ಚುಂಗಿನಿಂದ ಮಾರಿ ಒರ್ಸ್ಕೋತ. ಕೇಳಿದ್ದಕ್ಕ "ಎದಿ ಅಲ್ಲವ್ವಾ, ಹೊಟ್ಟಿ ಮ್ಯಾಲ ಉರೀಲಕತ್ತದ, ಗ್ಯಾಸ್ ಆಗ್ಯಾದ, ಒಂದು ಸೋಡಾ ಕುಡದ್ರ ಹೋಗ್ತದ, ನೀ ಮದ್ಲ ಆ ಹುಡುಗನ್ನ ನೋಡು" ಅಂದ. ಅವನ ಅಂಗಿ ಬೆನ್ನಿಗಿ ಅಂಟಿದ್ದು ನಾ ಕಣ್ಣಿಂದ ನೋಡೀನಿ, ಮೇ ತಿಂಗಳಲ್ಲ, ಎಲ್ಲಾರೂ ಬೆವರ್ತಾರ ಅಂತ ಬಿಟ್ಟು ಹೋದೆ. ಇಪ್ಪತ್ತು ನಿಮಿಷ ಆದ ಮ್ಯಾಲ ಮುತ್ಯಾ ಬೆಂಚಿನ ಮ್ಯಾಲೇ ವಾಲಿದ. ಕೈ ಹಿಡದೆ, ಥಣ್ಣಗ, ಮಣ್ಣಿನ ಗಡಗಿ ಮುಟ್ಟಿದಂಗ. ಇಸಿಜಿಯಾಗ ದೊಡ್ಡ ಅಟ್ಯಾಕ್ ಕಾಣ್ತು, ಸಿಪಿಆರ್ ಕೊಟ್ಟೆವು, ಉಳೀಲಿಲ್ಲ. ಬಿಸಲಿನ ಬೆವರು ಬೆಚ್ಚಗ ಇರ್ತದ, ಶಾಕಿನ (ಮೈಗಿ ರಕ್ತ ಸಾಲದಾದಾಗಿನ) ಬೆವರು ಥಣ್ಣಗ ಇರ್ತದ, ಮುಟ್ಟಿದ್ರ ಎರಡು ಸೆಕೆಂಡಿನಾಗ ಗೊತ್ತಾಗ್ತಿತ್ತು. ನಾ ಮುಟ್ಟಲಿಲ್ಲ.

ಅದಕ್ಕ ನಾ ಹೇಳೋದು ಇಷ್ಟೇ, ಗದ್ದಲ ಯಾವ ಕಡಿ ಅದ ಅಂತ ನೋಡಿ ಓಡಬ್ಯಾಡ್ರಿ. ಚೀರೋವ್ನಿಗಿ ಚೀರೋವಷ್ಟು ಉಸುರು ಅದ, ದಾರಿ ತೆರದದ, ಮೆದುಳಿಗಿ ರಕ್ತ ಹೋಗ್ಲಕತ್ತದ. ಸುಮ್ಮನ ಕುಂತವ್ರನ್ನ ಮದ್ಲ ಮುಟ್ಟಿ ನೋಡ್ರಿ.

ಟ್ರಯಾಜ್ ಅಂತೀವಲ್ಲ, ಅದು ಫ್ರೆಂಚ್ ಮಾತು, ಆರಿಸೋದು ಅಂತ ಅರ್ಥ, ನೆಪೋಲಿಯನ್ ಸೈನ್ಯದ ಸರ್ಜನ್ ಲಾರೆ ಗಾಯಾಳುಗಳನ್ನ ಪದವಿ ನೋಡ್ದೆ ಗಾಯ ನೋಡಿ ಆರಿಸ್ಲಿಕ್ಕ ಶುರು ಮಾಡಿದ್ದು. ನಮ್ಮ ಅವ್ವಂದ್ರು ಮರದಾಗ ತೊಗರಿ ಹಸನ ಮಾಡ್ತಾರಲ್ಲ, ಒಮ್ಮೆ ಕಣ್ಣು ಹಾಯಿಸಿ ಕಲ್ಲು ಯಾವದು ಕಾಳು ಯಾವದು ಅಂತ ಕೈ ತಾನೇ ಹೋಗ್ತದ, ಅದೇ ಕೆಲಸ ಇದು, ದಿನಾ ಮಾಡಿದ್ರಷ್ಟೇ ಕೈಗಿ ಬರ್ತದ.

ಪೇಶಂಟ್ ಬಾಗಲಾಗ ಬಂದ ಕೂಡ್ಲೇ ಅರ್ಧ ನಿಮಿಷದ ಕೆಲಸ ಏನಂದ್ರ, ನಡಕೋತ ಹೋಗ್ತಾನೇ ದೂರಿಂದ ನೋಡ್ರಿ, ಎದಿ ಹ್ಯಾಂಗ ಏರ್ತದ ಇಳೀತದ, ಕುತ್ತಿಗಿ ಸ್ನಾಯು ಜಗ್ಲಕತ್ತಾವೇನು, ತುಟಿ ಬಣ್ಣ ಏನು, ಕುಂತಾನೋ ಬಿದ್ದಾನೋ. ಹತ್ರ ಹೋದ್ಮ್ಯಾಲ ಮಣಿಕಟ್ಟು ಹಿಡೀರಿ, ಅದೊಂದೇ ಹಿಡಿತದಾಗ ನಾಡಿ ಜೋರೋ ಮೆಲ್ಲಕೋ, ತುಂಬಿ ಬಡೀತದೋ ದಾರದಂಗ ಸಣ್ಣಗದೋ, ಕೈ ಥಣ್ಣಗದೋ ಬೆಚ್ಚಗದೋ ಎಲ್ಲಾ ಸಿಗ್ತದ. ಹಿಡ್ಕೊಂಡೇ ಕೇಳ್ರಿ, "ಯಪ್ಪಾ ಹೆಸರೇನು, ಏನಾಯ್ತು?" ಪೂರಾ ವಾಕ್ಯದಾಗ ಉತ್ತರ ಬಂದ್ರ ಉಸುರಿನ ದಾರಿ, ಉಸುರು, ಎಚ್ಚರ ಸದ್ಯಕ್ಕ ನಡದಾವ ಅಂತ ಅರ್ಥ. ಎರಡು ಶಬ್ದಕ್ಕೊಮ್ಮೆ ಉಸುರು ಎಳ್ಕೊಂಡ್ರ, ಇಲ್ಲಾ ಸಂಬಂಧ ಇಲ್ಲದ ಉತ್ತರ ಕೊಟ್ರ, ಟ್ರಾಲಿ ಒಳಗ ತಗೊರಿ, ಚೀಟಿ ಆಮ್ಯಾಲ ಮಾಡಿಸ್ಕೊಳ್ಳಿ.

ಇದಾದ ಮ್ಯಾಲ ವೈಟಲ್ಸ್, ಅಂದ್ರ ಉಸುರು, ನಾಡಿ, ಬಿಪಿ ಅಳಿಯೋದು. ಕೆಂಪಿನವ್ರನ್ನ ಈಗಿಂದೀಗ ನೋಡ್ಬೇಕು, ಹಳದಿಯವ್ರು ಸ್ವಲ್ಪ ತಡೀಬಹುದು, ಹಸಿರಿನವ್ರು ಕಾಯಬಹುದು, ಹಿಂಗ ಮೂರು ಬಣ್ಣದ ಲೆಕ್ಕ ಸಾಕು, ದಿಲ್ಲಿ ಏಮ್ಸ್‌ನವರ ಟ್ರಯಾಜ್ ಪದ್ಧತಿನೂ ಮೂರೇ ಬಣ್ಣದ್ದು. ದೊಡ್ಡವ್ರಿಗಿ ನಾ ಕೆಂಪಿಗಿ ಹಾಕೋದು ಹಿಂಗ, ಉಸುರು ನಿಮಿಷಕ್ಕ 30ರ ಮ್ಯಾಲ ಇಲ್ಲಾ 10ರ ಕೆಳಗ, ಸ್ಯಾಚುರೇಶನ್ (ರಕ್ತದಾಗಿನ ಆಕ್ಸಿಜನ್) 90ರ ಕೆಳಗ, ನಾಡಿ 130ರ ಮ್ಯಾಲ ಇಲ್ಲಾ 50ರ ಕೆಳಗ, ಮ್ಯಾಲಿನ ಬಿಪಿ 90ರ ಕೆಳಗ, ಕರದ್ರ ಕಣ್ಣು ತೆಗೀದವ್ರು, ಫಿಟ್ಸ್ ನಡದವ್ರು. ಇದ್ರಾಗ ಒಂದೇ ಇದ್ರೂ ಕೆಂಪು. ಅಂಕಿ ಎಲ್ಲಾ ಛಲೋ ಇದ್ದು ಮನುಷ್ಯನ್ನ ನೋಡಿದ್ರ ಜೀವ ಝಲ್ ಅಂದ್ರ ಆಗೂ ಮ್ಯಾಲಿನ ಬಣ್ಣಕ್ಕೇ ಹಾಕ್ರಿ, ಡಾಕ್ಟರ್ ನೋಡಿ ಕೆಳಗ ಇಳಿಸಿದ್ರ ಯಾರಿಗೂ ನುಕ್ಸಾನ ಇಲ್ಲ.

ಉಸುರು ಎಣಿಸೋದ್ರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಚಾರ್ಟ್ ತಗದು ನೋಡ್ರಿ, ಎಲ್ಲಾರದೂ 20 ಅಂತಾನೇ ಇರ್ತದ, ಎಣಿಸ್ದೆ ಬರದದ್ದು. ಪೇಶಂಟ್ ಹದಗೆಡೋದ್ರ ಸುದ್ದಿ ಎಲ್ಲಾಕಿಂತ ಮದ್ಲ ಕೊಡೋದೇ ಉಸುರು, ಬಿಪಿ ಕಡೀಗಿ ಬೀಳ್ತದ. ನಾಡಿ ನೋಡೋರಂಗ ಕೈ ಹಿಡ್ಕೊಂಡು ಎದಿ ನೋಡ್ಕೋತ ಪೂರಾ ಒಂದು ನಿಮಿಷ ಎಣಿಸ್ರಿ, ಉಸುರು ಎಣಿಸ್ತೀನಿ ಅಂತ ಹೇಳಿದ್ರ ಅವ್ರು ಬ್ಯಾರೆ ಥರ ಉಸುರಾಡ್ತಾರ. ಸ್ಯಾಚುರೇಶನ್ ಮಶೀನ್‌ನೂ ಕಣ್ಮುಚ್ಚಿ ನಂಬಬ್ಯಾಡ್ರಿ, ಕೈ ಥಣ್ಣಗಿದ್ರ, ಉಗುರಿಗಿ ಪಾಲಿಶ್ ಇಲ್ಲಾ ಮೆಹಂದಿ ಇದ್ರ ತಪ್ಪು ತೋರಿಸ್ತದ, ಕಿವಿಗಿ ಇಲ್ಲಾ ಬ್ಯಾರೆ ಬೆರಳಿಗಿ ಹಚ್ಚಿ ನೋಡ್ರಿ. ಮುಚ್ಚಿದ ಕ್ವಾಣ್ಯಾಗ ಹೊಗಿ ಕುಡದು ಬಂದವ್ರಿಗಂತೂ 98 ತೋರಿಸಿದ್ರೂ ಒಳಗ ಆಕ್ಸಿಜನ್ ಇರಂಗಿಲ್ಲ, ಅವ್ರಿಗಿ ಆಕ್ಸಿಜನ್ ಮಾಸ್ಕ್ ಹಾಕೇ ಬಿಡ್ರಿ.

ಬಿಪಿ ಕಡೀಗಿ ಬೀಳ್ತದ ಅಂದೆನಲ್ಲ. ಫರ್ಸಿ ಖಣಿಯಾಗ ಕೆಲಸ ಮಾಡೋ ಹುಡುಗ ಶಹಾಬಾದ ಕಡಿಯಿಂದ ಬರ್ತಾನ, ಹೊಟ್ಟಿಗಿ ಕಲ್ಲು ಬಡದದ ಅಂತಾನ, ಹೊರಗ ಒಂದು ಹನಿ ರಕ್ತ ಇಲ್ಲ, ಬಿಪಿ 110/80, ನಾಡಿ 126. ಬಿಪಿ ಛಲೋ ಅದ ಅಂತ ಕುಂದ್ರಿಸಿದ್ರಿ ಅಂದ್ರ ಮುಗೀತು, ಗಟ್ಟಿ ಹುಡುಗ್ರ ಮೈ ಸುಮಾರು ಮೂರನೇ ಒಂದು ಪಾಲು ರಕ್ತ ಹೋಗೋತನಕ ಬಿಪಿ ಹಿಡ್ಕೊಂಡಿರ್ತದ, ಆಮ್ಯಾಲ ಒಮ್ಮೆಲೇ ಬಿಡ್ತದ. ನಾಡಿ ಮ್ಯಾಲಿನ ಬಿಪಿಗಿಂತ ಜಾಸ್ತಿ ಇದ್ರ ಒಳಗ ಸೋರ್ಲಕತ್ತದ ಅಂತಾನೇ ಹಿಡದು ಎರಡು ದಪ್ಪ ಕ್ಯಾನುಲಾ, ಗ್ರೂಪಿಂಗ್ ಕ್ರಾಸ್‌ಮ್ಯಾಚಿಗಿ ರಕ್ತ, ಸರ್ಜರಿಯವ್ರಿಗಿ ಫೋನ್.

ಎದಿ ನೋವು ಅಂದವ್ರಿಗಿ 10 ನಿಮಿಷದಾಗ ಇಸಿಜಿ ಆಗಿ ಡಾಕ್ಟರ್ ಕೈಯಾಗ ಇರ್ಬೇಕು, ಇದು ಪುಸ್ತಕದಾಗ ಎಲ್ಲಾರೂ ಓದೀರಿ. ಆದ್ರ ನಮ್ಮ ಮಂದಿ ಎದಿ ನೋವು ಅಂತ ಬಾಯಿ ತುಂಬ ಹೇಳಂಗಿಲ್ಲ. ಜೀವ ಗಾಬ್ರಿ ಆಗ್ಯಾದ ಅಂತಾರ, ದಮ್ಮ ಹತ್ಯಾದ, ಸಂಕಟ ಆಗ್ಲಕತ್ತದ, ಚಕ್ಕರ್ ಬಂತು, ರಟ್ಟಿ ಹಿಡದದ, ಗ್ಯಾಸ್ ಅಂತಾರ. ಸಕ್ಕರಿ ಕಾಯಿಲಿಯವ್ರಿಗಿ, ವಯಸ್ಸಾದವ್ರಿಗಿ, ಹೆಣ್ಮಕ್ಳಿಗಿ ನೋವೇ ಇಲ್ಲದ ಅಟ್ಯಾಕ್ ಭಾಳ ಆಗ್ತದ. ಅದಕ್ಕ ದವಡಿಯಿಂದ ಹೊಕ್ಕಳ ತನಕ ಏನೇ ತ್ರಾಸ ಇದ್ರೂ, ನಲವತ್ತು ದಾಟಿದವ್ರಿಗಿ ನಾ ಇಸಿಜಿ ತಗ್ಸೇ ತಗಸ್ತೀನಿ. ಇಸಿಜಿಯಾಗ ಹೃದಯದ ಕೆಳಗಿನ ಗ್ವಾಡಿ ಅಟ್ಯಾಕ್ ಕಂಡ್ರ ಬಲಗಡಿ ಲೀಡ್ ಹಚ್ಚಿ ಇನ್ನೊಂದು ತಗದು ಇಟ್ಟಿರ್ರಿ, ಅದು ಬರೋತನಕ ನಾಲಿಗಿ ಕೆಳಗಿನ ಗುಳಗಿ ಕೊಡೋ ಅವಸರ ಬ್ಯಾಡ, ಬಿಪಿ ಧಬಕ್ಕನ ಬೀಳ್ತದ. ತಾಲೂಕ ದವಾಖಾನಿಯಿಂದ ರೆಫರ್ ಆಗಿ ಬಂದವ್ರಿಗಿ ಅಲ್ಲೇ ರಕ್ತದ ಗಡ್ಡಿ ಕರಗಿಸೋ ಇಂಜೆಕ್ಷನ್ ಆಗಿರಬಹುದು, 2023ರಾಗ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಾಗ ಇಸಿಜಿ ಜಯದೇವ ಹೃದ್ರೋಗ ಆಸ್ಪತ್ರಿಗಿ ಹೋಗಿ ಆ ಇಂಜೆಕ್ಷನ್ ಟೆನೆಕ್ಟೆಪ್ಲೇಸ್ ಅಲ್ಲೇ ಕೊಡ್ತಾರ, ಅದಕ್ಕ ರೆಫರಲ್ ಚೀಟಿಯಾಗ ಇಂಜೆಕ್ಷನ್ ಟೈಮ್ ಹುಡುಕ್ರಿ, ಅಂಥವ್ರಿಗಿ ಮಾಂಸಖಂಡಕ್ಕ ಇಂಜೆಕ್ಷನ್ ಚುಚ್ಚಬ್ಯಾಡ್ರಿ.

ಲಕ್ವಾ ಹೊಡದವ್ರ ಮನಿಯವ್ರಿಗಿ ಯಾವಾಗಿಂದ ಹಿಂಗಾಗ್ಯಾದ ಅಂತ ಕೇಳಬ್ಯಾಡ್ರಿ, ಕಡೀಗಿ ಛಲೋ ಇದ್ದದ್ದು ಯಾವಾಗ ನೋಡೀರಿ ಅಂತ ಕೇಳ್ರಿ. ಮುಂಜಾನಿ ಎದ್ದಾಗ ಬಾಯಿ ಸೊಟ್ಟ ಆಗಿತ್ತು ಅಂದ್ರ ರಾತ್ರಿ ಮಲ್ಕೊಂಡ ಟೈಮಿನಿಂದಲೇ ಲೆಕ್ಕ. ಗಡ್ಡಿ ಕರಗಿಸೋದಕ್ಕ ನಾಲ್ಕೂವರೆ ತಾಸು ಅಷ್ಟೇ ಸಿಗ್ತದ. ಬಾಯಿಗಿ ನೀರೂ ಹಾಕಬ್ಯಾಡ್ರಿ, ಶುಗರ್ ನೋಡ್ರಿ, ಸಿಟಿ ಸ್ಕ್ಯಾನಿಗಿ ಕಳಸ್ರಿ. ಶುಗರ್ ಅಂತೂ ಎಚ್ಚರ ತಪ್ಪಿದ, ತೊದಲೋ, ಹುಚ್ಚುಚ್ಚಾರ ಮಾತಾಡೋ ಎಲ್ಲಾರದೂ ನೋಡ್ಲೇಬೇಕು, ಗುಳಗಿ ತಗೊಂಡು ಉಪಾಸ ಹಿಡದವ್ರು, ರೋಜಾ ಇದ್ದವ್ರು 40ಕ್ಕ ಇಳದು ಲಕ್ವಾದಂಗೇ ಕಾಣ್ತಾರ, 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ಹೋದ ಹತ್ತು ನಿಮಿಷದಾಗ ಎದ್ದು ಕುಂತು ಚಹಾ ಕೇಳ್ತಾರ.

ಇನ್ನ ಎಣ್ಣಿ ಕುಡದವ್ರು. ಹೊಲಕ್ಕ ಹೊಡ್ಯೋ ಎಣ್ಣಿ, ಅಂದ್ರ ಕೀಟನಾಶಕ, ನಮ್ಮ ಕಡಿ ಮನಿಮನಿಯಾಗ ಇರ್ತದ, ತೊಗರಿ ಹತ್ತಿ ಹಂಗಾಮಿನಾಗ ಇದು ತಪ್ಪಂಗಿಲ್ಲ. ಬಾಟ್ಲಿ ತರ್ಸ್ರಿ, ಇಲ್ಲಾಂದ್ರ ಅದರ ಫೋಟೋ ಮನಿಯಿಂದ ಮೊಬೈಲಿಗಿ ಹಾಕ್ಲಿಕ್ಕ ಹೇಳ್ರಿ. ಕಣ್ಣಿನ ಗೊಂಬಿ ಸಾಸಿವಿ ಕಾಳಿನಂಗ ಸಣ್ಣ, ಬಾಯಾಗ ಜೊಲ್ಲು ನೊರಿ, ಮೈಯೆಲ್ಲಾ ಬೆವರು, ಸ್ನಾಯು ಪಟಪಟ ಅದರ್ತಾವ, ನಾಡಿ ಮೆಲ್ಲಕ, ಬೆಳ್ಳುಳ್ಳಿಯಂಥ ಘಾಟು ವಾಸ್ನಿ, ಇದು ಆರ್ಗನೋಫಾಸ್ಫರಸ್ ಅನ್ನೋ ಜಾತಿ ಎಣ್ಣಿ. ಇವ್ರು ಸಾಯೋದು ಉಸುರು ಕಟ್ಟಿ, ಎದಿಯೊಳಗ ನೀರು ತುಂಬಿ. ಅದಕ್ಕ ಮದ್ಲ ಮಗ್ಗಲಾಗ ಹೊಳ್ಳಿಸ್ರಿ, ಸಕ್ಷನ್ ಹಾಕಿ ಬಾಯಾಗಿನ ಜೊಲ್ಲು ಎಳೀರಿ, ಆಕ್ಸಿಜನ್, ಆಮ್ಯಾಲ ಅಟ್ರೋಪಿನ್. 0.6 ಎಂಜಿ ಆಂಪ್ಯೂಲ್ ಇರ್ತದ, 1.8 ಎಂಜಿ ಅಂದ್ರ ಮೂರು, ಪ್ರತಿ 5 ನಿಮಿಷಕ್ಕ ಡಬಲ್ ಮಾಡ್ಕೋತ ಹೋಗ್ತಾರ, 3 ಆಂಪ್ಯೂಲ್ ಆದ್ಮ್ಯಾಲ 6, ಆಮ್ಯಾಲ 12, ಹಂಗಾಗಿ ಇಪ್ಪತ್ತು ಇಪ್ಪತ್ತೈದು ಆಂಪ್ಯೂಲ್ ಮುಂಚೇನೇ ಒಡದು ಸಿರಿಂಜಿನಾಗ ಎಳದು ಇಟ್ಕೊಳ್ರಿ, ಒಬ್ರು ಒಡಿಯೋದು ಒಬ್ರು ಕೊಡೋದು. ನಾಡಿ ಜೋರಾತು ಅಂತ ನಿಲ್ಲಸೋದು ತಪ್ಪು, ಎದಿ ಗುರುಗುರು ನಿಂತಿರ್ಬೇಕು, ನಾಡಿ 80ರ ಮ್ಯಾಲ, ಮ್ಯಾಲಿನ ಬಿಪಿ 80ರ ಮ್ಯಾಲ, ಬಗಲು ಒಣಗಿರ್ಬೇಕು. ಬಗಲಾಗ ಕೈ ಇಟ್ಟು ನೋಡ್ರಿ, ಅಲ್ಲಿ ಹಸಿ ಇದ್ರ ಇನ್ನೂ ಬೇಕು. ಜಾಸ್ತಿ ಆದ್ರ ಜ್ವರ ಬರ್ತದ, ಹುಚ್ಚಾಟ ಮಾಡ್ತಾರ, ಹೊಟ್ಟಿ ಸಪ್ಪಳ ನಿಲ್ತದ. ಬಟ್ಟಿ ಎಲ್ಲಾ ಕತ್ತರಿಸಿ ತಗದು ಸಾಬೂನ ಹಚ್ಚಿ ಮೈ ತೊಳಿಸ್ರಿ, ನೀವು ಗ್ಲೋವ್ಸ್ ಹಾಕ್ರಿ. ಉಪ್ಪಿನ ನೀರು ಕುಡಿಸಿ ವಾಂತಿ ಮಾಡಿಸೋದು ಊರಾಗ ಇನ್ನೂ ನಡದದ, ಉಸುರಿನ ನಳಿಕಿಗಿ ಹೋಗಿ ಅದರಿಂದಾನೇ ಕೆಡ್ತಾರ. ಕಳೆನಾಶಕ ಪ್ಯಾರಾಕ್ವಾಟ್ ಕುಡದು ಬಾಯಿ ನಾಲಿಗಿ ಸುಟ್ಟುಕೊಂಡು ಬಂದವ್ರಿಗಿ ಮಾತ್ರ ಸ್ಯಾಚುರೇಶನ್ ಬೀಳೋತನಕ ಆಕ್ಸಿಜನ್ ಹಚ್ಚಬ್ಯಾಡ್ರಿ, ಅದು ಪುಪ್ಪುಸಕ್ಕ ಇನ್ನಷ್ಟು ವಿಷ. ಮತ್ತ ಒಂದು ಮಾತು, ಅವ್ರಿಗಿ ಬೈಬ್ಯಾಡ್ರಿ, ಯಾಕ ಕುಡದಿ ಅಂತ ಎಲ್ಲಾರ ಮುಂದ ಕೇಳಬ್ಯಾಡ್ರಿ. ಸಾಲನೋ ಜಗಳನೋ ಏನಿರ್ತದೋ, ಟ್ರಾಲಿ ಮ್ಯಾಲ ಮಲ್ಕೊಂಡವ್ರಿಗಿ ನಿಮ್ಮ ಮಾತು ಕೇಳ್ತಿರ್ತದ.

ಹಾವು ಕಡದವ್ರಾಗ ಕಾಲು ಬಾತವ್ರು ಎಲ್ಲಾರ ಕಣ್ಣಿಗಿ ಬೀಳ್ತಾರ, ಕಟ್ಟಹಾವು ಕಡದವ್ರು ಬೀಳಂಗಿಲ್ಲ. ರಾತ್ರಿ ನೆಲದ ಮ್ಯಾಲ ಮಲ್ಕೊಂಡಿರ್ತಾರ, ಕಡದದ್ದೇ ಗೊತ್ತಿರಂಗಿಲ್ಲ, ಗುರ್ತೂ ಕಾಣಂಗಿಲ್ಲ, ನಸುಕಿನಾಗ ಹೊಟ್ಟಿ ನೋವು, ಗಂಟಲ ಹಿಡದದ ಅಂತ ಬರ್ತಾರ, ಕಣ್ಣರೆಪ್ಪಿ ಜೋತಿರ್ತಾವ, ನಿದ್ದಿಗಣ್ಣು ಅಂತ ನಾವು ಬಿಡ್ತೀವಿ. ಮ್ಯಾಲ ನೋಡು ಅನ್ರಿ, ತಲಿ ದಿಂಬಿನಿಂದ ಎತ್ತು ಅನ್ರಿ, ಒಂದೇ ಉಸುರಿನಾಗ ಒಂದು ಎರಡು ಎಣಿಸು ಅನ್ರಿ, ಎಷ್ಟಕ್ಕ ನಿಲ್ತದ ಬರದಿಡ್ರಿ. ಅರ್ಧ ತಾಸಿನ ಹಿಂದ 25 ಎಣಿಸಿದವ್ರು ಈಗ 12ಕ್ಕ ನಿಂತ್ರ ಉಸುರಿನ ಟ್ಯೂಬ್ ಹಾಕೋ ಹೊತ್ತು ಬಂತು ಅಂತ ಡಾಕ್ಟರ್‌ಗಿ ಹೇಳ್ರಿ. ಮಂಡಲದ ಹಾವಿಗಿ 20 ನಿಮಿಷದ ರಕ್ತ ಪರೀಕ್ಷೆ, ಹೊಸಾ ಒಣಗಿದ ಗಾಜಿನ ಟ್ಯೂಬಿನಾಗ 2 ಎಂಎಲ್ ಹಾಕಿ ಅಲುಗಾಡಿಸ್ದೆ ಇಡ್ರಿ, ಸೋಪ್ ಹಾಕಿ ತೊಳದ ಟ್ಯೂಬು, ಪ್ಲಾಸ್ಟಿಕ್ ನಡ್ಯಂಗಿಲ್ಲ, ವಾಲಿಸಿದಾಗ ಹೆಪ್ಪಾಗಿರ್ಲಿಲ್ಲಂದ್ರ ಹಾವಿನ ವಿಷ ಇಳಸೋ ಔಷಧ ಎಎಸ್‌ವಿ. ಎಎಸ್‌ವಿ ಹಚ್ಚೋ ಮುಂಚೆ ಅದರ ರಿಯಾಕ್ಷನ್ ಆದ್ರ ಕೊಡ್ಲಿಕ್ಕ ಅಡ್ರಿನಲಿನ್ 0.5 ಎಂಜಿ ಸಿರಿಂಜಿನಾಗ ಎಳದು ಬಾಜೂಕ ಇಟ್ಟಿರ್ಬೇಕು. ಊರಾಗ ಬಿಗಿದು ಕಟ್ಟಿದ ಹಗ್ಗ ಬಂದ ಕೂಡ್ಲೇ ಬಿಚ್ಚಬ್ಯಾಡ್ರಿ, ಲೈನ್ ಹಾಕಿ ಎಲ್ಲಾ ತಯಾರಾದ ಮ್ಯಾಲ ಬಿಚ್ರಿ. ಸಣ್ಣ ಮಕ್ಕಳಿಗೂ ಎಎಸ್‌ವಿ ಅಷ್ಟೇ, ಹಾವು ವಯಸ್ಸು ನೋಡಿ ಕಡಿಯಂಗಿಲ್ಲ.

ಚೇಳಿಗಿ ಎಎಸ್‌ವಿ ಕೆಲಸ ಮಾಡಂಗಿಲ್ಲ. ಯಾದಗಿರಿ ಕಡಿ ಕಂದಕೂರ ಗುಡ್ಡದಾಗ ಪಂಚಮಿ ದಿನ ಚೇಳು ಮೈಮ್ಯಾಲ ಬಿಟ್ಕೋತಾರ ಅಂತ ಕೇಳಿ ಚೇಳಂದ್ರ ಏನೂ ಆಗಂಗಿಲ್ಲ ಅನ್ನೋವ್ರು ಇದ್ದಾರ, ಆದ್ರ ಕೆಂಪು ಚೇಳು ಕಡದ ಕೂಸು ಹೃದಯ ಸೋತು ಎದಿಯಾಗ ನೀರು ತುಂಬಿ ಸಾಯ್ತದ. ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಪ್ರಜೋಸಿನ್ ಗುಳಗಿ ಕೊಟ್ಟು ಇಂಥವ್ರನ್ನ ಉಳಿಸೋದು ತೋರಿಸಿಕೊಟ್ರು. ಕಡದ ಜಾಗದಾಗ ನೋವು ಭಾಳ ಇದ್ರ ಒಂದು ರೀತಿ ಧೈರ್ಯ, ಕೈಕಾಲು ಥಣ್ಣಗಾಗಿ ಬೆವರಿ ವಾಂತಿ ಮಾಡ್ಲಕತ್ರ ಕೆಂಪು.

ಬಿಸಲಿನ ಹೊಡ್ತ ನಮಗ ಹೊಸದಲ್ಲ, ಏಪ್ರಿಲ್ ಮೇ ಒಳಗ ಕಲಬುರಗಿ ವಿಭಾಗದ ಸರ್ಕಾರಿ ಆಫೀಸಿನ ಟೈಮೇ ಮುಂಜಾನಿ 8ಕ್ಕ ಬದಲಾಗ್ತದಂದ್ರ ನೋಡ್ರಿ. ಮೈ 40 ಡಿಗ್ರಿ ದಾಟಿ ಎಚ್ಚರ ತಪ್ಪಿದ್ರ, ಇಲ್ಲಾ ಬಡಬಡಸ್ಲಕತ್ರ ಹೀಟ್ ಸ್ಟ್ರೋಕ್. ಬಗಲಿನ ಟೆಂಪರೇಚರ್ ಕಮ್ಮಿ ತೋರಿಸ್ತದ, ಗುದದಾಗ ನೋಡ್ರಿ. ಪ್ಯಾರಾಸಿಟಮಾಲ್ ಇದಕ್ಕ ಕೆಲಸ ಮಾಡಂಗಿಲ್ಲ. ಬಟ್ಟಿ ತಗದು ನೀರು ಹೊಡದು ಫ್ಯಾನ್ ಹಚ್ಚಿ, ಕುತ್ತಿಗಿ ಬಗಲು ತೊಡಿಸಂದಿಗಿ ಐಸ್, 39ಕ್ಕ ಬಂದ್ಮ್ಯಾಲ ನಿಲ್ಲಸ್ರಿ.

ಈಗ ಐದ್ ಮಂದಿ ಪ್ರಶ್ನೆಗಿ ಬರ್ತೀನಿ. ರಾತ್ರಿ 11, ನೀವು ಇಬ್ಬರು ಸಿಸ್ಟರ್, ಒಬ್ಬ ವಾರ್ಡ್ ಬಾಯ್, ಡಾಕ್ಟರ್ ಒಬ್ರೇ. ಕುಡದು ಹಣಿ ಒಡ್ಕೊಂಡು ಚೀರ್ಲಕತ್ತ ಒಬ್ಬ. ಎಂಟು ತಿಂಗಳ ಕೂಸು, ಎರಡು ದಿನದಿಂದ ಜುಲಾಬು, ಅವ್ವನ ಹೆಗಲಿನ ಮ್ಯಾಲ ಸುಮ್ಮನ ಮಲಗ್ಯಾದ. ಎಣ್ಣಿ ಕುಡದ 22ರ ಹುಡುಗಿ, ಬಾಯಾಗ ನೊರಿ. ಎಂಟು ತಿಂಗಳ ಬಸುರಿ, ತಲಿ ನೋವು, ಕಣ್ಣು ಮಂಜು ಅಂತಾಳ, ನಡಕೋತ ಬಂದಾಳ. ಸಕ್ಕರಿ ಕಾಯಿಲಿ ಇರೋ ಆಯಿ, ಬರೀ ಸುಸ್ತು ಅಂತಾಳ.

ನಾನಾದ್ರ ಮದ್ಲ ಎಣ್ಣಿ ಕುಡದ ಹುಡುಗಿ ಕಡಿ ಹೋಗ್ತೀನಿ, ಉಸುರಿನ ದಾರಿ ಮುಚ್ಲಕತ್ತದ, ಅಲ್ಲಿ ನಿಮಿಷದ ಲೆಕ್ಕ, ಸಕ್ಷನ್ ಹಾಕ್ಕೋತಾನೇ ಡಾಕ್ಟರ್‌ನ ಕೂಗ್ತೀನಿ. ಅದೇ ಹೊತ್ತಿಗಿ ಎರಡನೇ ಸಿಸ್ಟರ್ ಕೂಸಿನ ಕಡಿ, ಯಾಕಂದ್ರ ಅಳೋ ಶಕ್ತಿ ಇಲ್ಲದ ಕೂಸು ಭಾಳ ಕೆಟ್ಟದ್ದು, ಹೊಟ್ಟಿ ಚರ್ಮ ಚಿವುಟಿ ಬಿಟ್ರ ಎರಡು ಸೆಕೆಂಡಿಗೂ ಹಿಂದಕ್ಕ ಹೋಗ್ದಿದ್ರ, ಕಣ್ಣು ಒಳಗ ಹೋಗಿದ್ರ, ಎದಿಹಾಲು ಎಳೀದಿದ್ರ ಲೈನ್ ಹಾಕಿ ರಿಂಗರ್ ಲ್ಯಾಕ್ಟೇಟ್ ಸಲೈನ್, ಅಂದ್ರ ಆರ್‌ಎಲ್, ವರ್ಷದೊಳಗಿನ ಕೂಸಿಗಿ ಮದ್ಲನೇ ತಾಸಿಗಿ ಕಿಲೋಕ್ಕ 30 ಎಂಎಲ್. ಕೂಸು ಮುಂಚಿಂದಲೇ ಸೊರಗಿ ಎಲುಬು ಕಂಡಿದ್ರ ಮಾತ್ರ ಡಾಕ್ಟರ್‌ಗಿ ಅದನ್ನ ಮದ್ಲ ಹೇಳ್ರಿ, ಅಂಥ ಕೂಸಿಗಿ ಜೋರಾಗಿ ನೀರು ಬಿಟ್ರ ಹೃದಯ ತಡ್ಕೊಳ್ಳಂಗಿಲ್ಲ. ಬಸುರಿ ನಡಕೋತ ಬಂದ್ರೂ ಕೆಂಪೇ, ಬಿಪಿ 160/110 ದಾಟಿತ್ತಂದ್ರ ಯಾವ ಗಳಿಗಿಗೂ ಫಿಟ್ಸ್ ಬರಬಹುದು, ಎಡಮಗ್ಗಲ ಮಲಗಿಸಿ ಲೈಟ್ ಕಮ್ಮಿ ಮಾಡಿ, ಮ್ಯಾಗ್ನೀಶಿಯಂ ಸಲ್ಫೇಟ್ ಜೋಡಿ ಅದರ ಉತಾರ ಕ್ಯಾಲ್ಶಿಯಂ ಗ್ಲೂಕೋನೇಟೂ ಇಡ್ರಿ, ಡೋಸ್ ಕೊಟ್ಟ ಮ್ಯಾಲ ಮೊಣಕಾಲಿನ ಝಟಕಿ, ಉಸುರು, ಉಚ್ಚಿ ನೋಡ್ಕೋತ ಇರ್ರಿ. ಆಯಿಗಿ ಬೆರಳು ಚುಚ್ಚಿ ಶುಗರ್ ನೋಡೋದು ಒಂದು ನಿಮಿಷ, ಆಮ್ಯಾಲ ಇಸಿಜಿ, ಆಯಿ ಕೈ ಮುಟ್ಟಿ ನೋಡೋದು ಮರಿಬ್ಯಾಡ್ರಿ. ಕುಡದವನ ಹಣಿಗಿ ವಾರ್ಡ್ ಬಾಯ್ ಗಾಜ್ ಒತ್ತಿ ಹಿಡದ್ರ ಸಾಕು ಸದ್ಯಕ್ಕ. ಆದ್ರ ಅವನ್ನ ಮರೆತು ಬಿಟ್ರ ಅದೂ ತಪ್ಪು, ಚೀರೋವ ಅರ್ಧ ತಾಸಿನಾಗ ಸುಮ್ಮನಾದ ಅಂದ್ರ ನಿಶಾ ಇಳೀತು ಅಂತ ತಿಳ್ಕೋಬ್ಯಾಡ್ರಿ, ತಲಿಯೊಳಗ ರಕ್ತ ಆಗ್ಲಕತ್ತಿರಬಹುದು, ಕಣ್ಣಿನ ಗೊಂಬಿ ಎರಡೂ ಒಂದೇ ಸಮ ಅವೇನು ನೋಡ್ರಿ, ಕೂಗಿ ಎಬ್ಬಿಸ್ರಿ. ಸುಮ್ಮನಾದ ಗಳಿಗಿಯಿಂದ ಅವನೂ ಕೆಂಪು.

ಹೊರಗ ನಿಂತ ಮಂದಿಗಿ ಯಾರಾದ್ರೂ ಹೋಗಿ ಒಂದು ಮಾತು ಹೇಳಿದ್ರ ಅರ್ಧ ಜಗಳ ಕಮ್ಮಿ ಆಗ್ತದ. "ಕಾಕಾ, ನಿಮ್ಮ ಹುಡುಗನ ಕೈ ಮುರದದ, ನೋವು ಅದ, ಇಂಜೆಕ್ಷನ್ ಕೊಡ್ತೀವಿ, ಆದ್ರ ಜೀವಕ್ಕ ಭಯ ಇಲ್ಲ, ಒಳಗ ಒಂದು ಕೂಸಿನ ಉಸುರು ಹೋಗ್ಲಕತ್ತದ, ಅರ್ಧ ತಾಸು ಕೊಡ್ರಿ" ಅಂತ ಅವರದೇ ಮಾತಿನಾಗ, ದಖನಿ ಬಂದ್ರ ದಖನಿಯಾಗ, ಸೇಡಂ ಗಡಿಯವ್ರಿಗಿ ತೆಲುಗಿನಾಗ ಹೇಳ್ರಿ, ಕೂಸು ಅಂದ್ರ ಎಲ್ಲಾರೂ ದಾರಿ ಬಿಡ್ತಾರ. ಪೊಲೀಸ್ ಕೇಸ್ ಇದ್ರ ಪೊಲೀಸರಿಗಿ ಕಳಸೋ ದಾಖಲಿ ಎಂಎಲ್‌ಸಿ ಬರೀಲಿಕ್ಕ ಅಂತ ಚಿಕಿತ್ಸೆ ತಡಿಯಂಗಿಲ್ಲ, 1989ರಾಗ ಪರಮಾನಂದ ಕಟಾರಾ ಕೇಸಿನಾಗ ಸುಪ್ರೀಂ ಕೋರ್ಟ್ ಜೀವ ಉಳಿಸೋದು ಮದ್ಲು ಅಂತ ಹೇಳ್ಯಾದ, ಯಾರಾದ್ರೂ ಪೊಲೀಸ್ ಬರ್ಲಿ ತಡೀರಿ ಅಂದ್ರ ಇದನ್ನ ಹೇಳ್ರಿ.

ಬಣ್ಣ ಒಮ್ಮೆ ಹಚ್ಚಿದ್ರ ಮುಗೀಲಿಲ್ಲ. ಕೆಂಪು ನಿಮ್ಮ ಕಣ್ಣಮುಂದೇ ಇರ್ತದ, ಕೆಡೋದು ಹಳದಿಯವ್ರು, ಅವ್ರನ್ನ 15 ನಿಮಿಷಕ್ಕೊಮ್ಮೆ, ಹಸಿರಿನವ್ರನ್ನ ತಾಸಿಗೊಮ್ಮೆ ಮತ್ತ ನೋಡ್ರಿ, ಟೈಮ್ ಬರೀರಿ. ಡಾಕ್ಟರ್‌ಗಿ ಫೋನ್ ಮಾಡಿದ್ರ "ಸರ್ ಪೇಶಂಟ್ ಯಾಕೋ ಸರಿ ಇಲ್ಲ" ಅಂದ್ರ ಅವ್ರು ಏಳಂಗಿಲ್ಲ, "ಸರ್, 4ನೇ ಬೆಡ್, 60 ವಯಸ್ಸು, ಸಕ್ಕರಿ ಕಾಯಿಲಿ, ಅರ್ಧ ತಾಸಿನಾಗ ಉಸುರು 22ರಿಂದ 34 ಆಗ್ಯಾದ, ಕೈ ಥಣ್ಣಗ, ಬಿಪಿ 96, ಇಸಿಜಿ ತಗದೀನಿ, ನೀವು ಈಗೇ ಬರ್ಬೇಕು" ಅನ್ರಿ, ಓಡಿ ಬರ್ತಾರ.

ಡ್ಯೂಟಿ ಬದ್ಲಾಗೋ ಮುಂಜಾನಿ 8, ಮಧ್ಯಾಹ್ನ 2, ರಾತ್ರಿ 8ರ ಹೊತ್ತಿನಾಗ ಬೆಡ್‌ಗಳಷ್ಟೇ ಹ್ಯಾಂಡೋವರ್ ಮಾಡ್ತೀವಿ, ಬೆಂಚು ಉಳೀತದ. ನಾ ಜೂನಿಯರ್‌ನ ಕೈ ಹಿಡ್ಕೊಂಡು ಬೆಂಚಿನ ತನಕ ಹೋಗ್ತೀನಿ, ಕುಂತವ್ರು ಒಬ್ಬೊಬ್ರ ಹೆಸರು ಹೇಳಿ, ಮಣಿಕಟ್ಟು ಆಕಿ ಕೈಯಾಗ ಕೊಟ್ಟು, ಆಮ್ಯಾಲ ಮನಿಗಿ ಹೋಗ್ತೀನಿ.